ಹಳೇ ಎಚ್‌ಎಂಟಿ 2511 ಟ್ರಾಕ್ಟರಲ್ಲಿ ನೂರಡಿ (ಘನ ಅಡಿ) ಎಂ-ಸ್ಯಾಂಡ್ ತರಬಹುದಾ?

ಪ್ರಶ್ನೆ: ನಮಸ್ಕಾರ ಅಣ್ಣ. ತೀರ್ಥಹಳ್ಳಿ ಕಡೆಯವರು ನಾವು. ಅಜ್ಜನ ಕಾಲದ ಎಚ್‌ಎಂಟಿ 2511 ಇದೆ, 25 ಎಚ್‌ಪಿ. ಮನೆ ಕಟ್ಟಿಸ್ತಿದ್ದೇವೆ, ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ನಾವೇ ಹೊಡೆಯೋಣ ಅಂತ. ಎರಡು ಚಕ್ರದ ಟ್ರೇಲರ್, ಬ್ರೇಕ್ ಇಲ್ಲ. ದಾರೀಲಿ ಒಂದು ಏರು, ಮನೆ ಹತ್ರ ತಿರುವಿನ ಇಳುಕಲು. ಏರಲ್ಲಿ ಹಿಂದಿನ ಚಕ್ರ ಜಾರುತ್ತೆ. ಹುಕ್ಕನ್ನ ಎತ್ತರಕ್ಕೆ ವೆಲ್ಡ್ ಮಾಡಿಸಿದ್ರೆ ಹಿಡಿತ ಬರುತ್ತೆ ಅಂತಾನೆ ತಮ್ಮ. ಮಾಡಬಹುದಾ?

ಉತ್ತರ (ಟ್ರಾಕ್ಟರ್ ಮೆಕ್ಯಾನಿಕ್): ಆ ವೆಲ್ಡಿಂಗ್ ಮಾತ್ರ ಬೇಡ ಮಾರಾಯ್ರೆ. ಹುಕ್ಕು ಹಿಂದಿನ ಆಕ್ಸಲ್‌ಗಿಂತ ಮೇಲೆ ಹೋದ್ರೆ, ಏರಲ್ಲಿ ಕ್ಲಚ್ ಬಿಟ್ಟ ಕೂಡ್ಲೆ ಮೂತಿ ಎದ್ದು ಟ್ರಾಕ್ಟರ್ ಹಿಂದಕ್ಕೆ ಮಗುಚುತ್ತೆ. ಒಂದೆರಡು ಸೆಕೆಂಡಿನ ಕೆಲಸ, ಹಾರೋಕೂ ಆಗಲ್ಲ. ಹಿಡಿತ ಬೇಕಿದ್ರೆ ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸಿ. ಮರಳನ್ನ ಟ್ರೇಲರ್ ಆಕ್ಸಲ್‌ಗಿಂತ ಸ್ವಲ್ಪವೇ ಮುಂದಕ್ಕೆ ಬರೋ ಹಾಗೆ ಹಾಕಿಸಿ. ಹಿಂದೆ ಗುಡ್ಡೆ ಬಿದ್ರೆ ಟ್ರೇಲರ್ ಮೂತಿ ಹುಕ್ಕನ್ನೇ ಎತ್ತುತ್ತೆ. ನಿಮ್ಮ ಚಕ್ರ ಜಾರೋದಕ್ಕೆ ಇದೇ ಕಾರಣ ಇರಬಹುದು.

ನನಗೆ ಭಯ ಆ ಇಳುಕಲದ್ದು. ನೂರಡಿ ಅಂದ್ರೆ ನಾಲ್ಕು ಟನ್ ಮೇಲೆ, ಟ್ರೇಲರ್ ಸೇರಿ ಐದರ ಮೇಲೆ. ಹತ್ತಡಿಗೆ ಒಂದಡಿ ಇಳಿಯೋ ಜಾಗದಲ್ಲಿ ಹಿಂದಿನಿಂದ 500 ಕೆಜಿಗೂ ಹೆಚ್ಚು ದೂಡ್ತಾ ಇರುತ್ತೆ. ನಿಮ್ಮ ಟ್ರಾಕ್ಟರೇ ಎರಡು ಟನ್ ಒಳಗೆ, ಬ್ರೇಕು ಹಿಂದಿನ ಎರಡು ಚಕ್ರಕ್ಕೆ ಮಾತ್ರ. 25 ಎಚ್‌ಪಿ ಎಳೆಯುತ್ತೆ ಬಿಡಿ, ನಿಲ್ಲಿಸೋದು ಯಾರು? ತಿರುವಲ್ಲಿ ಟ್ರೇಲರ್ ನೇರ ಹೋಗುತ್ತೆ, ಟ್ರಾಕ್ಟರ್ ಅಡ್ಡ ಮಲಗುತ್ತೆ. ಟ್ರೇಲರಿಗೆ ಬ್ರೇಕ್ ಕೂರಿಸೋವರೆಗೆ ಇಪ್ಪತ್ತೈದಡಿ ಮೀರಬೇಡಿ.

ಪ್ರಶ್ನೆ: ನಾಲ್ಕು ಟ್ರಿಪ್ ಆಗುತ್ತಲ್ಲ ಅಣ್ಣ! ಇಳುಕಲಲ್ಲಿ ನ್ಯೂಟ್ರಲ್ ಮಾಡಿದ್ರೆ ಡೀಸೆಲಾದ್ರೂ ಉಳಿಯುತ್ತಾ?

ಉತ್ತರ: ನ್ಯೂಟ್ರಲ್ ಹಾಕಿದ್ರೆ ಇಂಜಿನ್ ಹಿಡಿತ ಪೂರ್ತಿ ಹೋಯ್ತು. ವೇಗ ಬಂದ್ಮೇಲೆ ಆ ಹಳೇ ಗೇರ್‌ಬಾಕ್ಸ್‌ಗೆ ಮತ್ತೆ ಗೇರ್ ಕೂರಲ್ಲ. ಹತ್ತುವ ಗೇರಲ್ಲೇ ಇಳೀರಿ, ಇಳುಕಲಿಗೆ ಮುಂಚೆಯೇ ಹಾಕಿರಿ, ಕ್ಲಚ್ ಮುಟ್ಟಬೇಡಿ. ಉಳುಮೆಗೆ ಬಿಡಿಸಿದ್ದ ಎರಡು ಬ್ರೇಕ್ ಪೆಡಲ್‌ಗಳನ್ನ ಜೋಡಿಸಿ ಲಾಕ್ ಮಾಡಿ. ಒಂದೇ ಕಡೆ ಹಿಡಿದ್ರೆ ಅಲ್ಲೇ ಪಲ್ಟಿ. ಮಡ್‌ಗಾರ್ಡ್ ಮೇಲೆ ತಮ್ಮನ್ನ ಕೂರಿಸಬೇಡಿ, ನಡ್ಕೊಂಡು ಬರ್ಲಿ.

ಹುಕ್ಕಿನ ಪಿನ್ನಿಗೆ ಕ್ಲಿಪ್ ಇದೆಯಾ? ಹಳೇ ಟ್ರೇಲರಿಗೆ ಬೈಂಡಿಂಗ್ ವೈರ್ ಸುತ್ತಿರೋದೇ ಜಾಸ್ತಿ. ಒಂದು ಫೋಟೊ ಹಾಕಿ, ನೋಡ್ತೀನಿ.