ತಂಡದವರು ಬೆಳೆಯಲು ಮ್ಯಾನೇಜರ್ ಏನು ಮಾಡಬೇಕು? ಗೊತ್ತಿದ್ದವರು ಹೇಳಿ

ಆರು ಜನರ ತಂಡ ನನ್ನದು. ಎಲ್ಲರಿಗೂ ಕೋರ್ಸ್ ಕೊಡಿಸಿದ್ದಾಯಿತು, ಆದರೆ ಕೆಲಸದಲ್ಲಿ ವ್ಯತ್ಯಾಸ ಕಾಣುತ್ತಿಲ್ಲ. ಇನ್ನೇನು ಮಾಡಬಹುದು?

ಉತ್ತರ 1
ಮೊದಲು ಕೆಲಸ ಗೊತ್ತುಮಾಡಿ, ಆಮೇಲೆ ಕೋರ್ಸ್. ಕಲಿತದ್ದನ್ನು ಒಂದು ವಾರದೊಳಗೆ ಬಳಸುವ ಅವಕಾಶ ಸಿಗದಿದ್ದರೆ ಹೆಚ್ಚಿನದು ಮರೆತೇಹೋಗುತ್ತದೆ. ಮರೆವು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು.

ಉತ್ತರ 2
ಜನ ಬೆಳೆಯುವುದು ಜವಾಬ್ದಾರಿ ಹೊತ್ತಾಗ. ಚೂರುಪಾರು ಕೆಲಸ ಬೇಡ, ಒಂದು ಇಡೀ ಕೆಲಸ ಕೊಡಿ. ಉದಾಹರಣೆಗೆ ತಿಂಗಳ ವರದಿ. ಮೊದಲ ತಿಂಗಳು ನೀವು ಮಾಡುವಾಗ ಅವರು ಪಕ್ಕದಲ್ಲಿ ಕೂತು ನೋಡಲಿ. ಎರಡನೇ ತಿಂಗಳು ಅವರು ಬರೆಯಲಿ, ನೀವು ಪರಿಶೀಲಿಸಿ. ಮೂರನೇ ತಿಂಗಳು ಅವರೇ ಬರೆದು, ಮೇಲಧಿಕಾರಿಗಳ ಮುಂದೆ ಅವರೇ ಮಂಡಿಸಲಿ.

ಕೆಡುವುದು ಎರಡನೇ ಹಂತದಲ್ಲಿ. ಗಡುವು ಹತ್ತಿರ ಬಂತೆಂದು ಮ್ಯಾನೇಜರ್ ತಾನೇ ಕೂತು ಕರಡನ್ನು ತಿದ್ದಿಬಿಡುತ್ತಾರೆ. ಅಲ್ಲಿಗೆ ಕಲಿಕೆ ಮುಗಿಯಿತು. ಮುಂದಿನ ಸಲ ಅರೆಬರೆ ಕರಡೇ ಬರುತ್ತದೆ, ಹೇಗೂ ತಿದ್ದುತ್ತಾರಲ್ಲ! ತಿದ್ದುವ ಬದಲು ಅಂಚಿನಲ್ಲಿ ಪ್ರಶ್ನೆ ಬರೆಯಿರಿ: "ಈ ಅಂಕಿ ಕಳೆದ ತಿಂಗಳಿಗಿಂತ ಏಕೆ ಇಳಿದಿದೆ?" ಇದಕ್ಕಾಗಿ ಒಳಗಿನ ಗಡುವನ್ನು ಮೂರು ದಿನ ಮುಂಚೆಯೇ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಹೊಸ ಕೆಲಸ ಕೊಟ್ಟ ದಿನವೇ ಹಳೆಯದೊಂದನ್ನು ಅವರ ಕೈಯಿಂದ ತೆಗೆಯಿರಿ. ಇಲ್ಲದಿದ್ದರೆ ಅವರಿಗೆ ಅದು ಬೆಳವಣಿಗೆಯಲ್ಲ, ಬರೀ ಹೊರೆ.

ಉತ್ತರ 3
ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಮಾತಾಡಿ. ಏನು ಮಾತಾಡಬೇಕು ಎನ್ನುವುದನ್ನು ಅವರೇ ತೀರ್ಮಾನಿಸಲಿ. "ಆ ಕೆಲಸ ಎಲ್ಲಿಗೆ ಬಂತು?" ಎಂದು ಶುರುಮಾಡಿದರೆ ಅರ್ಧ ಗಂಟೆ ಅದರಲ್ಲೇ ಕಳೆಯುತ್ತದೆ, ಅದನ್ನು ಮೊದಲೇ ಬರಹದಲ್ಲಿ ತರಿಸಿಕೊಳ್ಳಿ. ಭೇಟಿ ಮುಂದೂಡಲೇಬೇಕಾದರೆ ಆಗಲೇ ಹೊಸ ದಿನ ಹೇಳಿ. ಎರಡು ಸಲ ಸುಮ್ಮನೆ ರದ್ದಾದರೆ ಮನಸ್ಸಿನಲ್ಲಿದ್ದದ್ದನ್ನು ಹೇಳುವುದನ್ನೇ ಬಿಡುತ್ತಾರೆ.

ಉತ್ತರ 4
"ಚೆನ್ನಾಗಿತ್ತು" ಎಂದರೆ ಯಾರೂ ಏನೂ ಕಲಿಯುವುದಿಲ್ಲ. "ಖರ್ಚಿನ ಲೆಕ್ಕ ಮೊದಲೇ ತೋರಿಸಿದ್ದರೆ ಕೊನೆಯಲ್ಲಿ ಅಷ್ಟು ಪ್ರಶ್ನೆ ಬರುತ್ತಿರಲಿಲ್ಲ" ಎನ್ನಿ, ಅದೂ ಒಂದೆರಡು ದಿನದೊಳಗೆ, ಒಬ್ಬರೇ ಇದ್ದಾಗ.

ಉತ್ತರ 5
ಸಂಬಳದ ಮಾತು, ಬೆಳವಣಿಗೆಯ ಮಾತು ಒಂದೇ ದಿನ ಬೇಡ. ಸಂಬಳದ ವಿಷಯ ಬಂದರೆ ತಮ್ಮ ಕೊರತೆಯನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ಹಾಗೆಯೇ ಎಲ್ಲರೂ ಮ್ಯಾನೇಜರ್ ಆಗಬೇಕೆಂದು ಎಣಿಸಬೇಡಿ. ತಮ್ಮ ಕಸುಬಿನಲ್ಲೇ ಆಳಕ್ಕೆ ಇಳಿಯಬೇಕು ಎನ್ನುವವರಿಗೆ ತಂಡದ ಹೊಣೆ ಹೊರಿಸದೆ, ಕಠಿಣವಾದ ಕೆಲಸ ಕೊಟ್ಟು, ಹೊಸಬರ ಕೆಲಸ ಪರಿಶೀಲಿಸುವ ಅಧಿಕಾರವನ್ನೂ ಕೊಡಿ.