ಮುಸ್ಲಿಂ ದೇಶಗಳಲ್ಲಿ ವಿಜ್ಞಾನ ಎಲ್ಲಿ ಹಿಂದೆ ಬಿತ್ತು? ತಿಳಿದವರು ಹೇಳಿ

ಸಿಂಧನೂರು ಹುಡುಗ:
ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಈ ವಿಷಯ ಬಂದಾಗಲೆಲ್ಲ ಎರಡೇ ಮಾತು ಕೇಳಿಸುತ್ತವೆ. ಸಾವಿರ ವರ್ಷದ ಹಿಂದೆಯೇ ಎಲ್ಲ ಬಾಗ್ದಾದ್‌ನಲ್ಲಿ ಕಂಡುಹಿಡಿದಿದ್ದರು ಅಂತ ಒಬ್ಬರು. ಆ ಧರ್ಮಕ್ಕೂ ವಿಜ್ಞಾನಕ್ಕೂ ಆಗಿಬರುವುದಿಲ್ಲ ಅಂತ ಇನ್ನೊಬ್ಬರು. ಎರಡರಿಂದಲೂ ನನಗೆ ಸಮಾಧಾನ ಇಲ್ಲ. 11ನೇ ಶತಮಾನದಲ್ಲಿ ಇಬ್ನ್ ಅಲ್‌ಹೈಥಮ್ ಬೆಳಕಿನ ಬಗ್ಗೆ ಪ್ರಯೋಗ ಮಾಡಿ ದೊಡ್ಡ ಗ್ರಂಥ ಬರೆದರು. ಅಲ್‌ಬಿರೂನಿ ಸಂಸ್ಕೃತ ಕಲಿತು ನಮ್ಮ ಜ್ಯೋತಿರ್ಗಣಿತ ಓದಿಕೊಂಡರು, ಈಗ ಪಾಕಿಸ್ತಾನದಲ್ಲಿರುವ ನಂದನಾ ಕೋಟೆಯ ಬೆಟ್ಟ ಹತ್ತಿ ಭೂಮಿ ಎಷ್ಟು ದೊಡ್ಡದು ಅಂತ ಲೆಕ್ಕ ಹಾಕಿದರು. ಇವತ್ತು ಇಸ್ಲಾಮಿಕ್ ಸಹಕಾರ ಸಂಘಟನೆಯಲ್ಲಿ 57 ದೇಶಗಳಿವೆ, ಆದರೆ ವಿಜ್ಞಾನದಲ್ಲಿ ನೊಬೆಲ್ ಪಡೆದ ಮುಸ್ಲಿಮರನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು. ನಡುವೆ ಏನಾಯಿತು? ಜಗಳ ಬೇಡ, ದಯವಿಟ್ಟು ವಿಷಯ ಹೇಳಿ.

ಬಳ್ಳಾರಿ ಮೇಷ್ಟ್ರು:
ಒಳ್ಳೆಯ ಪ್ರಶ್ನೆ ತಮ್ಮಾ. ಮೊದಲು ಒಂದು ಕತೆ ಪಕ್ಕಕ್ಕಿಡು. 1258ರಲ್ಲಿ ಮಂಗೋಲರು ಬಾಗ್ದಾದ್ ಹಾಳು ಮಾಡಿದರು, ಅಲ್ಲಿಗೆ ಎಲ್ಲ ಮುಗಿಯಿತು ಅಂತಾರಲ್ಲ, ಅದು. ಬಾಗ್ದಾದ್ ಕೆಡವಿದ ಅದೇ ಹುಲಗು ಖಾನ್ ಮರುವರ್ಷವೇ ಇರಾನಿನ ಮರಾಘಾದಲ್ಲಿ ನಾಸಿರುದ್ದೀನ್ ತೂಸಿ ಅನ್ನುವ ಖಗೋಳ ವಿದ್ವಾಂಸನಿಗೆ ವೀಕ್ಷಣಾಲಯ ಕಟ್ಟಿಸಿಕೊಟ್ಟ. ತೂಸಿಗೆ ಹೊಳೆದ ಒಂದು ರೇಖಾಗಣಿತದ ಉಪಾಯ 1543ರ ಕೊಪರ್ನಿಕಸ್ ಗ್ರಂಥದಲ್ಲೂ ಕಾಣುತ್ತದೆ. ಆಮೇಲೆ ಸಮರ್ಖಂಡ್‌ನ ಉಲುಘ್ ಬೇಗ್. ತಾನೇ ದೊರೆ, ತಾನೇ ಖಗೋಳ ಬಲ್ಲವನು. 1437ರಲ್ಲಿ ಸಾವಿರಕ್ಕೂ ಜಾಸ್ತಿ ನಕ್ಷತ್ರಗಳ ಪಟ್ಟಿ ಮುಗಿಸಿದ. 1449ರಲ್ಲಿ ಸ್ವಂತ ಮಗನೇ ಕೊಲ್ಲಿಸಿದ. ವೀಕ್ಷಣಾಲಯವೂ ಪಾಳು ಬಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇಸ್ತಾಂಬುಲ್. ತಕಿಯುದ್ದೀನ್ ಅಂತ ಒಬ್ಬ ವಿದ್ವಾಂಸ 1577ರ ಹೊತ್ತಿಗೆ ಅಲ್ಲಿ ದೊಡ್ಡ ವೀಕ್ಷಣಾಲಯ ಮಾಡಿದ, ಮೂರೇ ವರ್ಷಕ್ಕೆ, 1580ರಲ್ಲಿ, ಸುಲ್ತಾನನ ಅಪ್ಪಣೆಯಿಂದ ಅದನ್ನು ಕೆಡವಿದರು. ಅದೇ ಕಾಲದಲ್ಲಿ ಡೆನ್ಮಾರ್ಕಿನ ಒಂದು ದ್ವೀಪದಲ್ಲಿ ಟೈಕೊ ಬ್ರಾಹೆ ಅನ್ನುವ ಖಗೋಳ ವಿಜ್ಞಾನಿ ಗ್ರಹಗಳನ್ನು ಅಳೆಯುತ್ತಾ ಕೂತಿದ್ದ. ಇಬ್ಬರ ಹತ್ತಿರವೂ ದೂರದರ್ಶಕ ಇರಲಿಲ್ಲ, ಉಪಕರಣಗಳೂ ಹೆಚ್ಚೂಕಮ್ಮಿ ಒಂದೇ ತರದವು. ಆದರೆ ಟೈಕೊಗೆ ಒಂದೇ ಜಾಗದಲ್ಲಿ 20 ವರ್ಷ ಸಿಕ್ಕಿತು. ಶನಿ ಸೂರ್ಯನ ಸುತ್ತ ಒಂದು ಸಲ ಬರಲು 29 ವರ್ಷ ದಾಟುತ್ತದೆ, ಮೂರು ವರ್ಷ ನೋಡಿದರೆ ಏನು ಗೊತ್ತಾಗುತ್ತದೆ ಹೇಳು? ಟೈಕೊಗೂ ಕೊನೆಗೆ ರಾಜನ ಆಸರೆ ತಪ್ಪಿತು, ಆದರೆ ಅವನ ಅಳತೆಗಳು ಕೆಪ್ಲರ್ ಕೈಗೆ ಬಂದವು, ಮಂಗಳದ ಲೆಕ್ಕದಿಂದ ಗ್ರಹಗಳ ಚಲನೆಯ ನಿಯಮಗಳು ಹೊರಟವು, ಅಚ್ಚಾದವು, ಊರೂರಿಗೆ ಹೋದವು. ಆದರೆ ಇಸ್ತಾಂಬುಲ್‌ನಲ್ಲಿ ಇಬ್ರಾಹಿಂ ಮುತೆಫೆರಿಕಾ ಮುದ್ರಣಾಲಯದ ಮೊದಲ ಪುಸ್ತಕ ಹೊರಬಂದದ್ದು 1729ರಲ್ಲಿ. ಬುದ್ಧಿವಂತರು ಕಮ್ಮಿ ಇರಲಿಲ್ಲ. ದೊರೆ ಸತ್ತರೂ, ಮುನಿದರೂ ನಡೆದುಕೊಂಡು ಹೋಗುವ ಸಂಸ್ಥೆ ಇರಲಿಲ್ಲ. ನನ್ನ ಉತ್ತರ ಅಷ್ಟೇ.

ಗಂಗಾವತಿ ಭತ್ತದ ನಾಡು:
ಮೇಷ್ಟ್ರೇ, ಇತಿಹಾಸ ಒಪ್ಪಿದೆ. ಆದರೆ ಧರ್ಮದ ಹೆಸರಿನ ರಾಜಕೀಯದ ಪಾತ್ರ ಬಿಟ್ಟುಬಿಡಬೇಡಿ. ಅಬ್ದುಸ್ ಸಲಾಂ ಅವರನ್ನು ನೋಡಿ. ಪಾಕಿಸ್ತಾನಕ್ಕೆ ವಿಜ್ಞಾನದ ಮೊದಲ ನೊಬೆಲ್ ತಂದವರು, 1979ರಲ್ಲಿ. ಅವರು ಅಹ್ಮದಿಯಾ ಅನ್ನುವ ಪಂಗಡದವರು. 1974ರಲ್ಲೇ ಅಲ್ಲಿನ ಸಂಸತ್ತು ಅಹ್ಮದಿಯಾಗಳು ಮುಸ್ಲಿಮರೇ ಅಲ್ಲ ಅಂತ ಸಂವಿಧಾನ ತಿದ್ದಿತ್ತು. ಕಡೆಗೆ ಅವರ ಗೋರಿಯ ಕಲ್ಲಿನ ಮೇಲಿದ್ದ ‘ಮುಸ್ಲಿಂ’ ಅನ್ನುವ ಪದವನ್ನೂ ಅಳಿಸಿದರು. ಇಂಥದ್ದನ್ನು ನೋಡಿದ ಹುಡುಗ ಆ ದೇಶದಲ್ಲಿ ಧೈರ್ಯವಾಗಿ ಲ್ಯಾಬ್ ಕಟ್ಟುತ್ತಾನಾ?

ಫಿಸಿಕ್ಸ್ ಮೇಡಂ, ರಾಯಚೂರು:
ನಾನು ಮುಸ್ಲಿಂ, ರಾಯಚೂರಿನಲ್ಲೇ ಹುಟ್ಟಿ ಬೆಳೆದವಳು, ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಗಂಗಾವತಿ ಅಣ್ಣ ಹೇಳಿದ್ದು ಸತ್ಯ, ಅದನ್ನು ಓದುವಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆದರೆ ಅದೇ ಸಲಾಂ ಸುಮ್ನೆ ಕೂರಲಿಲ್ಲ. ಬಡ ದೇಶಗಳ ಹುಡುಗರು ಒಂಟಿಯಾಗಿ ಓದಿ ಸೋಲಬಾರದು ಅಂತ 1964ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಐಸಿಟಿಪಿ ಅನ್ನುವ ಭೌತಶಾಸ್ತ್ರ ಕೇಂದ್ರ ಕಟ್ಟಿದರು. ಅದು ಇವತ್ತಿಗೂ ನಡೆಯುತ್ತಿದೆ.

ಉಳಿದ ಹೆಸರುಗಳನ್ನೂ ನೋಡಿ. ಈಜಿಪ್ಟಿನ ಅಹ್ಮದ್ ಜುವೈಲ್, ನೊಬೆಲ್ 1999ರಲ್ಲಿ, ಕೆಲಸ ಮಾಡಿದ್ದು ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ. ಟರ್ಕಿಯ ಅಜೀಜ್ ಸಂಜಾರ್, 2015, ಅವರೂ ಅಮೆರಿಕದಲ್ಲಿ. ಗಣಿತದ ಫೀಲ್ಡ್ಸ್ ಪದಕ ಪಡೆದ ಮೊದಲ ಹೆಂಗಸು ಇರಾನಿನ ಮರಿಯಂ ಮಿರ್ಜಾಖಾನಿ, 2014. ಟೆಹ್ರಾನಿನಲ್ಲಿ ಡಿಗ್ರಿ ಮುಗಿಸಿ ಹಾರ್ವರ್ಡ್‌ಗೆ ಹೋದರು. 2025ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡ ಒಮರ್ ಯಾಘಿ ಜೋರ್ಡಾನಿನಲ್ಲಿದ್ದ ಪ್ಯಾಲೆಸ್ತೀನಿ ನಿರಾಶ್ರಿತರ ಮಗ, 15ನೇ ವಯಸ್ಸಿಗೆ ಅಮೆರಿಕಕ್ಕೆ ಹೋದವರು. ಅವರು ಮಾಡಿದ ಸಣ್ಣ ಸಣ್ಣ ರಂಧ್ರಗಳ ವಸ್ತು ಮರುಭೂಮಿಯ ಒಣ ಗಾಳಿಯಿಂದಲೂ ನೀರು ಹೀರುತ್ತದೆ. ನಮ್ಮ ರಾಯಚೂರಿನ ಮೇ ತಿಂಗಳು ಗೊತ್ತಿರುವವರಿಗೆ ಅದರ ಬೆಲೆ ಬೇರೆ ಹೇಳಬೇಕಾ! ಧರ್ಮವೇ ತಲೆ ಕಟ್ಟಿಹಾಕುತ್ತದೆ ಅನ್ನುವುದಾದರೆ ಇವರೆಲ್ಲ ಬೇರೆ ದೇಶಕ್ಕೆ ಹೋದ ಕೂಡಲೇ ಹೇಗೆ ಅರಳಿದರು? ಲ್ಯಾಬ್, ಒಳ್ಳೆಯ ಗೈಡ್, ಪ್ರಶ್ನೆ ಕೇಳುವ ಸ್ವಾತಂತ್ರ್ಯ ಸಿಕ್ಕಿತು, ಅದಕ್ಕೆ. ನಮ್ಮ ಸಮುದಾಯದ ಹಿರಿಯರೂ ಹಳೆಯ ಕಾಲದ ವೈದ್ಯ ಇಬ್ನ್ ಸಿನಾ ಹೆಸರು ಹೇಳಿ ಹೆಮ್ಮೆ ಪಟ್ಟರೆ ಸಾಲದು, ಮನೆಯ ಹೆಣ್ಣುಮಗಳು ಎಂಎಸ್ಸಿಗೆ ಹೈದರಾಬಾದಿಗೋ ಧಾರವಾಡಕ್ಕೋ ಹೋಗುತ್ತೇನೆ ಅಂದರೆ ಕಳಿಸಬೇಕು.

ಸಿಂಧನೂರು ಹುಡುಗ:
ಥ್ಯಾಂಕ್ಸ್ ಮೇಡಂ, ಮೇಷ್ಟ್ರೇ. ಇನ್ನೊಂದು ಅನುಮಾನ. ದುಡ್ಡಿನ ಕೊರತೆ ಪಾಕಿಸ್ತಾನಕ್ಕೆ ಇರಬಹುದು, ಗಲ್ಫ್ ದೇಶಗಳಿಗೆ ಏನು ಕಮ್ಮಿ?

ಕೊಪ್ಪಳ ಗಲ್ಫ್ ರಿಟರ್ನ್:
ನಾನು ಸೌದಿಯಲ್ಲಿ ಕೆಲಸ ಮಾಡಿ ಬಂದವನು, ಅದಕ್ಕೆ ಹೇಳುತ್ತೇನೆ. ದುಡ್ಡು ಸುರಿಯುತ್ತಿದ್ದಾರೆ, ನಿಜ. 2009ರಲ್ಲಿ ಕೆಂಪು ಸಮುದ್ರದ ದಂಡೆಯಲ್ಲಿ ಕಾಸ್ಟ್ ವಿಶ್ವವಿದ್ಯಾಲಯ ಶುರು ಮಾಡಿದರು, ಹುಡುಗ ಹುಡುಗಿಯರು ಒಟ್ಟಿಗೆ ಓದುತ್ತಾರೆ, ಲ್ಯಾಬ್‌ಗಳು ಜಗತ್ತಿನ ಮಟ್ಟದವು. ಯುಎಇ 2020ರಲ್ಲಿ ‘ಹೋಪ್’ ನೌಕೆ ಕಳಿಸಿ 2021ರ ಫೆಬ್ರವರಿಯಲ್ಲಿ ಮಂಗಳದ ಕಕ್ಷೆಗೆ ಸೇರಿಸಿತು. ರಾಕೆಟ್ ಜಪಾನಿನದು, ನೌಕೆ ಕಟ್ಟುವಾಗ ಅಮೆರಿಕದ ವಿಶ್ವವಿದ್ಯಾಲಯಗಳು ಜೊತೆಗಿದ್ದವು, ಆದರೆ ಅವರ ಹುಡುಗ ಹುಡುಗಿಯರು ಪಕ್ಕದಲ್ಲಿ ನಿಂತು ಕಲಿತರು, ಅದು ದೊಡ್ಡದು. ಬೇಸರ ಆಗುವುದು ಇನ್ನೊಂದು ಕಡೆ. ಸೌದಿಯ ಕೆಲವು ವಿಶ್ವವಿದ್ಯಾಲಯಗಳು ವಿದೇಶಿ ವಿಜ್ಞಾನಿಗಳಿಗೆ ಹಣ ಕೊಟ್ಟು, ಅವರ ಪೇಪರ್‌ಗಳಲ್ಲಿ ತಮ್ಮ ಹೆಸರು ಹಾಕಿಸಿಕೊಂಡು ರ‍್ಯಾಂಕಿಂಗ್ ಏರಿಸಿಕೊಂಡವು ಅಂತ 2011ರಲ್ಲೂ 2023ರಲ್ಲೂ ಸುದ್ದಿ ಆಯಿತು. ಹೆಸರು ಕೊಂಡುಕೊಂಡರೆ ಅಲ್ಲಿನ ಮಕ್ಕಳಿಗೆ ಏನು ಬಂತು? ಟರ್ಕಿ, ಮಲೇಷ್ಯಾ, ಇರಾನ್ ಹೀಗಲ್ಲ. ಅಲ್ಲಿ ಸ್ವಂತ ವಿಶ್ವವಿದ್ಯಾಲಯಗಳೇ ನಿಧಾನಕ್ಕೆ ಬೆಳೆದಿವೆ. ಇರಾನಿನವರು ನಿರ್ಬಂಧಗಳ ನಡುವೆಯೇ 2006ರಲ್ಲಿ ಕುರಿಯ ತದ್ರೂಪಿ (ಕ್ಲೋನ್) ಮಾಡಿದರು.

ಬಳ್ಳಾರಿ ಮೇಷ್ಟ್ರು:
ಇದೇ ನಾನು ಹೇಳಿದ್ದು. ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ರಾಯಚೂರು, ಕೊಪ್ಪಳ ಎರಡೂ 1948ರವರೆಗೆ ನಿಜಾಮರ ಕೆಳಗಿದ್ದವು, ಅಲ್ವಾ? ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗ್ 1901ರ ಸುಮಾರಿಗೆ ಸ್ವಂತ ಆಸಕ್ತಿಯಿಂದ ದೂರದರ್ಶಕ ತರಿಸಿ ವೀಕ್ಷಣಾಲಯ ಶುರು ಮಾಡಿದರು. ಅವರು ತೀರಿಕೊಂಡರೂ ಅದು ಮುಚ್ಚಲಿಲ್ಲ. ನಿಜಾಮ ಸರ್ಕಾರ ವಹಿಸಿಕೊಂಡಿತು, ಆಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯ. ಹಲವು ದೇಶಗಳು ಆಕಾಶವನ್ನು ಪಾಲು ಮಾಡಿಕೊಂಡು ನಕ್ಷತ್ರಗಳ ನಕ್ಷೆ ತಯಾರಿಸುತ್ತಿದ್ದಾಗ ಒಂದು ಪಾಲನ್ನು ಈ ನಿಜಾಮಿಯಾ ವೀಕ್ಷಣಾಲಯ ಮಾಡಿಕೊಟ್ಟಿತು. ಅಲ್ಲಿ ಕೆಲಸಕ್ಕಿದ್ದವರೊಬ್ಬರ ಮಗ ವೇಣು ಬಾಪು, ಮುಂದೆ ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯ ಕಟ್ಟಿದರು. ಇನ್ನು ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಕೇಂದ್ರ ಕಟ್ಟಿದ್ದು ಅಲಿಗಢದಲ್ಲಿ ಓದಿದ ಒಬೈದ್ ಸಿದ್ದೀಕಿ. ಇವನ್ನೂ ಹಾಸ್ಟೆಲ್‌ನಲ್ಲಿ ಹೇಳು.

ಗಂಗಾವತಿ ಭತ್ತದ ನಾಡು:
ನಾವೂ ಬೀಗುವಂತಿಲ್ಲ ಬಿಡಿ. ದಕ್ಷಿಣ ಕೊರಿಯಾ ಜಿಡಿಪಿಯ ಸುಮಾರು 5% ಸಂಶೋಧನೆಗೆ ಹಾಕುತ್ತದೆ, ಟರ್ಕಿ 1% ದಾಟಿದೆ, ಭಾರತ 0.64% ಹತ್ತಿರವೇ ನಿಂತಿದೆ.

ಫಿಸಿಕ್ಸ್ ಮೇಡಂ, ರಾಯಚೂರು:
ತಮ್ಮಾ, ನೀನು ಸೆಸಮಿ ಬಗ್ಗೆಯೂ ಓದು. ಜೋರ್ಡಾನಿನಲ್ಲಿ 2017ರಲ್ಲಿ ಉದ್ಘಾಟನೆಯಾದ ಸಿಂಕ್ರೊಟ್ರಾನ್ ಅದು, ಅಂದರೆ ಎಲೆಕ್ಟ್ರಾನ್‌ಗಳನ್ನು ವೇಗವಾಗಿ ಸುತ್ತಿಸಿ ಸಂಶೋಧನೆಗೆ ಬೇಕಾದ ಪ್ರಖರ ಬೆಳಕು ಕೊಡುವ ಯಂತ್ರ. ಇರಾನ್, ಇಸ್ರೇಲ್, ಪ್ಯಾಲೆಸ್ತೀನ್, ಪಾಕಿಸ್ತಾನ, ಟರ್ಕಿ, ಈಜಿಪ್ಟ್ ಎಲ್ಲ ಒಂದೇ ಯಂತ್ರಕ್ಕೆ ಸದಸ್ಯರು. ಮತ್ತೆ ಎಂಎಸ್ಸಿ ಫಿಸಿಕ್ಸ್ ಮಾಡುವ ಮನಸ್ಸಿದ್ದರೆ ಐಸಿಟಿಪಿಯ ಡಿಪ್ಲೊಮಾ ಪಾಠಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಇವೆ. ಕ್ವಾಂಟಂ ಮೆಕ್ಯಾನಿಕ್ಸ್‌ನಿಂದ ಶುರು ಮಾಡು, ಎಲ್ಲಿ ಸಿಕ್ಕಿಕೊಂಡರೂ ಇಲ್ಲೇ ಕೇಳು, ನಾನು ನೋಡುತ್ತಿರುತ್ತೇನೆ.