ಐಸಿಯು ಮತ್ತು ಶ್ವಾಸಕೋಶ ಎರಡೂ ಬಲ್ಲ ಡಾಕ್ಟರನ್ನು ಹುಡುಕುವುದು ಹೇಗೆ?

ಮುಂಗಾರು (ಪ್ರಶ್ನೆ):

ಅಪ್ಪನಿಗೆ 68 ವರ್ಷ. ತುಂಬಾ ವರ್ಷಗಳಿಂದ ದಮ್ಮು ಇದೆ, ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಅಂತ ಹೇಳಿದ್ದಾರೆ. ಈಚೆಗೆ ನ್ಯುಮೋನಿಯಾ ಆಗಿ ಐಸಿಯು ಸೇರಿದರು, ವೆಂಟಿಲೇಟರ್ ಹಾಕಿದರು, ದೇವರ ದಯೆಯಿಂದ ಹೊರಗೆ ಬಂದು ಈಗ ಮನೆಯಲ್ಲಿದ್ದಾರೆ. ಆದರೆ ಮೊದಲಿನ ಹಾಗಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಏದುಸಿರು. ಕಾಲಲ್ಲಿ ಶಕ್ತಿಯೇ ಇಲ್ಲ. ರಾತ್ರಿ ಬೆಚ್ಚಿ ಏಳುತ್ತಾರೆ, ಮತ್ತೆ ಅಲ್ಲಿಗೆ ಸೇರಿಸಬೇಡ ಅಂತ ಹೇಳುತ್ತಲೇ ಇರುತ್ತಾರೆ.

ಐಸಿಯುನಲ್ಲಿ ನೋಡಿದ ಡಾಕ್ಟರ್ ಒಬ್ಬರು, ವಾರ್ಡಿನಲ್ಲಿ ನೋಡಿದವರು ಇನ್ನೊಬ್ಬರು, ಈಗ ಫಾಲೋಅಪ್‌ಗೆ ಸಿಗುವವರು ಮತ್ತೊಬ್ಬರು. ಆಕ್ಸಿಜನ್ ಎಷ್ಟಿಡಬೇಕು ಅಂತ ಕೇಳಿದರೂ ಒಬ್ಬೊಬ್ಬರದು ಒಂದೊಂದು ಮಾತು. ಎಲ್ಲವನ್ನೂ ಸೇರಿಸಿ ನೋಡುವ ಒಬ್ಬ ಡಾಕ್ಟರ್ ಬೇಕು ನನಗೆ. ಕೆಲವರ ಹೆಸರಿನ ಜೊತೆ ಪಲ್ಮನಾಲಜಿಸ್ಟ್ (ಶ್ವಾಸಕೋಶದ ಡಾಕ್ಟರ್) ಅಂತ ಇರುತ್ತದೆ, ಕೆಲವರಿಗೆ ಇಂಟೆನ್ಸಿವಿಸ್ಟ್ (ಐಸಿಯು ಡಾಕ್ಟರ್), ಕೆಲವರಿಗೆ ಎರಡೂ. ಎರಡೂ ಇರುವವರನ್ನೇ ಹುಡುಕಬೇಕಾ? ಅವರು ಒಳ್ಳೆಯವರು ಅಂತ ತಿಳಿಯುವುದು ಹೇಗೆ? ನೆಟ್ಟಿನಲ್ಲಿ ಸ್ಟಾರ್ ನೋಡಿ ನನಗೆ ಏನೂ ಗೊತ್ತಾಗುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಇಬ್ಬನಿ:

ಹುಡುಕಾಟಕ್ಕೆ ಮೊದಲು ಒಂದು ಮಾತು. ಅಪ್ಪ ಒಂದು ವಾಕ್ಯ ಪೂರ್ತಿ ಹೇಳಲಾಗದೆ ಉಸಿರಿಗೆ ಒದ್ದಾಡಿದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಏನೇನೋ ಮಾತಾಡಿದರೆ ಆಂಬುಲೆನ್ಸ್ ಕರೆಸಿ ಹತ್ತಿರದ ಎಮರ್ಜೆನ್ಸಿಗೆ ಹೋಗಿ. ಆಗ ಯಾವ ಡಾಕ್ಟರ್ ಒಳ್ಳೆಯವರು ಅಂತ ಫೋನ್ ಮಾಡುತ್ತಾ ಕೂರಬೇಡಿ. ಹುಡುಕುವ ಕೆಲಸ ಈಗ ಮಾಡಿ, ಅಪ್ಪ ಸ್ವಲ್ಪ ಚೇತರಿಸಿಕೊಂಡಿರುವಾಗ.

ಉಸಿರಿನ ಹಾದಿ:

ನಾನು ಐಸಿಯುನಲ್ಲಿ ರೆಸ್ಪಿರೇಟರಿ ಥೆರಪಿಸ್ಟ್. ವೆಂಟಿಲೇಟರ್, ಬೈಪ್ಯಾಪ್ (ಮಾಸ್ಕ್ ಮೂಲಕ ಉಸಿರಿಗೆ ನೆರವಾಗುವ ಯಂತ್ರ) ಇವುಗಳ ಜೊತೆಗೇ ನನ್ನ ದಿನ. ನಿಮ್ಮ ಪ್ರಶ್ನೆಯನ್ನು ಬಹಳ ಮನೆಯವರು ಕೇಳುತ್ತಾರೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಇವು ಎರಡು ಬೇರೆ ಕೆಲಸ. ಐಸಿಯು ಡಾಕ್ಟರ್ ಶ್ವಾಸಕೋಶದವರೇ ಆಗಿರಬೇಕು ಅಂತಿಲ್ಲ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ ಜನ ಉಸಿರಾಡಲಾಗದೆ ಸಾಯುತ್ತಿದ್ದಾಗ, ಕುತ್ತಿಗೆಯಲ್ಲಿ ತೂತು ಮಾಡಿ, ಟ್ಯೂಬ್ ಹಾಕಿ, ಕೈಯಿಂದಲೇ ಚೀಲ ಒತ್ತಿ ಗಾಳಿ ಕೊಡುವ ದಾರಿ ತೋರಿಸಿದವರು ಬ್ಯೋರ್ನ್ ಇಬ್ಸೆನ್. ಅವರು ಅರಿವಳಿಕೆ ಡಾಕ್ಟರ್. ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲು ರಾತ್ರಿ ಚೀಲ ಒತ್ತಿದರು. ಐಸಿಯು ಅನ್ನುವುದು ಬೆಳೆದದ್ದೇ ಅಲ್ಲಿಂದ. ಹಾಗಾಗಿ ಇವತ್ತಿಗೂ ಎಷ್ಟೋ ಇಂಟೆನ್ಸಿವಿಸ್ಟ್‌ಗಳು ಅರಿವಳಿಕೆ ಕಡೆಯಿಂದ ಬಂದವರು, ಇನ್ನು ಕೆಲವರು ಜನರಲ್ ಮೆಡಿಸಿನ್ ಕಡೆಯವರು. ಅಮೆರಿಕದಲ್ಲಿ ಶ್ವಾಸಕೋಶ ಮತ್ತು ಕ್ರಿಟಿಕಲ್ ಕೇರ್ (ಐಸಿಯು ಚಿಕಿತ್ಸೆ) ಎರಡನ್ನೂ ಸೇರಿಸಿಯೇ ಕಲಿಸುವ ತರಬೇತಿ ಇದೆ, ಎಲ್ಲ ದೇಶದಲ್ಲೂ ಪದ್ಧತಿ ಹೀಗೇ ಇಲ್ಲ. ಬೋರ್ಡ್ ಮೇಲಿನ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಮೆಡಿಕಲ್ ಕೌನ್ಸಿಲ್ ರಿಜಿಸ್ಟರ್‌ನಲ್ಲಿ ಅವರ ಯಾವ ಯಾವ ಪದವಿ ನಮೂದಾಗಿದೆ, ಅದನ್ನು ನೋಡಿ.

ಈಗ ನಿಮ್ಮ ಅಪ್ಪನ ವಿಷಯ. ಅವರಿಗೆ ಮುಖ್ಯವಾಗಿ ಬೇಕಾಗಿರುವುದು ಒಬ್ಬ ಒಳ್ಳೆಯ ಪಲ್ಮನಾಲಜಿಸ್ಟ್, ಮುಂದೆ ವರ್ಷಗಟ್ಟಲೆ ನೋಡಿಕೊಳ್ಳುವಂಥವರು. ಅವರೇ ಐಸಿಯುನಲ್ಲೂ ರೋಗಿಗಳನ್ನು ನೋಡುವವರಾದರೆ ತುಂಬಾ ಅನುಕೂಲ, ಏಕೆಂದರೆ ವೆಂಟಿಲೇಟರ್‌ನಿಂದ ಬಂದವರ ದೇಹ ಮನಸ್ಸು ಎರಡೂ ಹೇಗಿರುತ್ತದೆ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀವು ಬರೆದ ಕಾಲಿನ ಸುಸ್ತು, ರಾತ್ರಿ ಬೆಚ್ಚಿ ಬೀಳುವುದು, ಇವೆಲ್ಲ ಐಸಿಯು ನಂತರ ಬಹಳ ಜನರಲ್ಲಿ ಕಾಣುವ ತೊಂದರೆಗಳೇ. ಕೆಲವರಿಗೆ ನೆನಪಿನ ಶಕ್ತಿಯೂ ಕಡಿಮೆಯಾಗುತ್ತದೆ. ಅಪ್ಪ ಸುಮ್ನೆ ಹೆದರುತ್ತಿದ್ದಾರೆ ಅಂತ ಮನೆಯಲ್ಲಿ ಯಾರೂ ಅನ್ನಬೇಡಿ. ಡಾಕ್ಟರ್ ಹತ್ತಿರ ದಮ್ಮಿನಷ್ಟೇ ಮುಖ್ಯವಾಗಿ ಇದನ್ನೂ ಹೇಳಿ.

ಮೊದಲ ಭೇಟಿಯಲ್ಲಿ ನಾನಾದರೆ ಏನು ಗಮನಿಸುತ್ತೇನೆ ಹೇಳುತ್ತೇನೆ. ಸಿಒಪಿಡಿ ಅನ್ನುವುದು ಸ್ಪೈರೊಮೆಟ್ರಿ (ಊದಿಸಿ ಉಸಿರು ಅಳೆಯುವ ಟೆಸ್ಟ್) ಮಾಡಿ ಖಚಿತವಾಗಿದೆಯಾ ಅಂತ ಅವರು ಕೇಳಬೇಕು. ಬೀಡಿ ಸಿಗರೇಟು ಸೇದುತ್ತಿದ್ದರು, ದಮ್ಮಿದೆ, ಅಷ್ಟಕ್ಕೇ ಸಿಒಪಿಡಿ ಅಂತ ಬರೆದ ಚೀಟಿಗಳು ಎಷ್ಟೋ ಇವೆ. ಔಷಧ ಎಳೆದುಕೊಂಡ ಮೇಲೂ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಒಟ್ಟು ಊದಿದ ಗಾಳಿಯ 70 ಶೇಕಡಕ್ಕಿಂತ ಕಡಿಮೆ ಇದ್ದರೆ ಶ್ವಾಸನಾಳ ಕಿರಿದಾಗಿದೆ ಅಂತ ಅರ್ಥ. ಕಾಯಿಲೆ ಜೋರಾಗಿರುವಾಗ ಈ ಟೆಸ್ಟ್ ಮಾಡಿದರೆ ಸರಿಯಾದ ಚಿತ್ರ ಸಿಗುವುದಿಲ್ಲ, ಸುಧಾರಿಸಿದ ಮೇಲೆ ಮಾಡಿಸಬೇಕು.

ಇನ್ನು ಆಕ್ಸಿಜನ್. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ಅಪಾಯ ಇರುವ ಸಿಒಪಿಡಿ ರೋಗಿಗಳಿಗೆ ಸಾಮಾನ್ಯವಾಗಿ ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇಕಡ 88ರಿಂದ 92ರ ಒಳಗೆ ಇಡುತ್ತಾರೆ. 98 ಬರಲಿ ಅಂತ ಮನೆಯವರು ಪ್ರೀತಿಯಿಂದ ಆಕ್ಸಿಜನ್ ಏರಿಸುತ್ತಾರೆ, ಅದರಿಂದ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಿ ರೋಗಿ ಮಂಪರಿಗೆ ಜಾರಬಹುದು. ಎಲ್ಲರಿಗೂ ಇದೇ ಅಂಕಿ ಅಲ್ಲ, ನಿಮ್ಮ ಅಪ್ಪನಿಗೆ ಎಷ್ಟು ಅನ್ನುವುದನ್ನು ಎಬಿಜಿ (ರಕ್ತದಲ್ಲಿನ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯುವ ಟೆಸ್ಟ್) ನೋಡಿ ಡಾಕ್ಟರೇ ಹೇಳಬೇಕು. ಹೇಳಿದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಈ ಒಂದು ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಡುವ ಡಾಕ್ಟರ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಆಮೇಲೆ ಪಲ್ಮನರಿ ರಿಹ್ಯಾಬ್ ಬಗ್ಗೆ ಕೇಳಿ. ಉಸಿರಿನ ವ್ಯಾಯಾಮ, ನಡಿಗೆ, ಕೈಕಾಲಿಗೆ ಬಲ ಬರುವ ವ್ಯಾಯಾಮ ಎಲ್ಲ ಸೇರಿಸಿ ಕೊಡುತ್ತಾರೆ. ಸಿಒಪಿಡಿ ಕೆರಳಿ ಆಸ್ಪತ್ರೆ ಸೇರಿದವರಿಗೆ ಡಿಸ್ಚಾರ್ಜ್ ಆದ 4 ವಾರದೊಳಗೆ ಇದನ್ನು ಶುರು ಮಾಡುವುದು ಒಳ್ಳೆಯದು. ದಮ್ಮಿರುವವರು ಅಲುಗಾಡದೆ ಮಲಗಿರಬೇಕು ಅನ್ನುವ ಡಾಕ್ಟರ್ ಆದರೆ ಬೇರೆಯವರನ್ನು ನೋಡಿ, ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಕಡೇದಾಗಿ ಕೇಳಬೇಕಾದ ಪ್ರಶ್ನೆ: ‘ಅಪ್ಪನಿಗೆ ಮತ್ತೆ ಜೋರಾದರೆ ಯಾವ ಐಸಿಯುಗೆ ಕರೆತರಬೇಕು, ಅಲ್ಲಿ ರಾತ್ರಿ ಯಾರಿರುತ್ತಾರೆ, ನೀವು ಬಂದು ನೋಡುತ್ತೀರಾ?’ ಎಮರ್ಜೆನ್ಸಿಯಲ್ಲಿ ಐಸಿಯು ಡಾಕ್ಟರನ್ನು ಆರಿಸುವ ಅವಕಾಶ ನಮಗೆ ಸಿಗುವುದಿಲ್ಲ. ಪಲ್ಮನಾಲಜಿಸ್ಟ್‌ನ ಮಾತ್ರ ಈಗಲೇ ಆರಿಸಬಹುದು. ಅವರಿಗೂ ಐಸಿಯುಗೂ ಮಾತುಕತೆ ಇದ್ದರೆ ನಿಮ್ಮ ಅರ್ಧ ಚಿಂತೆ ಕಡಿಮೆ.

ಸಂಜೆಮಲ್ಲಿಗೆ:

ಮೇಲಿನವರು ಹೇಳಿದ್ದು ನಿಜ. ನಮ್ಮಮ್ಮನದು ಬೇರೆ ಕಾಯಿಲೆ, ಐಎಲ್‌ಡಿ, ಅಂದರೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವಂಥದ್ದು. ಬಹಳ ಕಾಲ ಅಲರ್ಜಿ, ಉಬ್ಬಸ ಅಂತಲೇ ಔಷಧ ನಡೆಯಿತು. ಕೊನೆಗೆ ಸಿಕ್ಕ ಡಾಕ್ಟರ್ ಮೊದಲ ದಿನ ಔಷಧ ಬರೆಯುವುದಕ್ಕಿಂತ ಪ್ರಶ್ನೆ ಕೇಳಿದ್ದೇ ಜಾಸ್ತಿ. ಮನೆಯಲ್ಲಿ ಪಾರಿವಾಳ ಇದೆಯಾ, ಗೋಡೆಯಲ್ಲಿ ಬೂಷ್ಟು ಇದೆಯಾ, ಹಿಂದೆ ಏನು ಕೆಲಸ ಮಾಡುತ್ತಿದ್ದರು, ಕೀಲು ನೋವಿದೆಯಾ, ಯಾವ ಯಾವ ಮಾತ್ರೆ ತೆಗೆದುಕೊಂಡಿದ್ದಾರೆ. ಹೃದಯದ ಬಡಿತಕ್ಕೆ ಕೊಡುವ ಅಮಿಯೊಡರೋನ್, ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೊಫ್ಯುರಂಟೊಯಿನ್, ಇವು ಕೆಲವರ ಶ್ವಾಸಕೋಶಕ್ಕೆ ತೊಂದರೆ ಮಾಡಬಹುದಂತೆ. ನಮಗೆ ಅದೆಲ್ಲ ಎಲ್ಲಿ ಗೊತ್ತಿರುತ್ತೆ? (ಹಾಗಂತ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಕೇಳಿಯೇ ಮಾಡಿ.)

ಇನ್ನೊಂದು. ಅವರು ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ರಿಪೋರ್ಟ್ ಓದಿ ಸುಮ್ಮನಾಗಲಿಲ್ಲ. ಚಿತ್ರಗಳಿರುವ ಸಿಡಿ ತರಿಸಿ, ರೇಡಿಯಾಲಜಿಸ್ಟ್ ಮತ್ತು ಕೀಲುವಾತದ ಡಾಕ್ಟರ್ ಜೊತೆ ಕೂತು ಮಾತಾಡಿ ಆಮೇಲೆ ಹೇಳಿದರು. ಈ ಥರ ಕಾಯಿಲೆಗೆ ಹೀಗೆ ಹಲವರು ಕೂಡಿ ನೋಡುವುದೇ ಸರಿಯಾದ ಕ್ರಮ. ನಿಮ್ಮ ಅಪ್ಪನಿಗೂ ಡಿಸ್ಚಾರ್ಜ್ ಸಮರಿ, ಹಳೆಯ ಮತ್ತು ಹೊಸ ಸಿಟಿಯ ಸಿಡಿ, ಎಬಿಜಿ ಕಾಗದಗಳು, ಕಫದ ಕಲ್ಚರ್ ರಿಪೋರ್ಟ್, ವೆಂಟಿಲೇಟರ್ ಎಷ್ಟು ದಿನ ಇತ್ತು ಅನ್ನುವ ವಿವರ, ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಳ್ಳಿ. ಹಳೆಯ ಸಿಟಿ ಬಿಸಾಡಬೇಡಿ, ಕಾಯಿಲೆ ಮುಂದುವರಿದಿದೆಯಾ ಇಲ್ಲವಾ ಅನ್ನುವುದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಗೊತ್ತಾಗುವುದು.

ಮುಂಗಾರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿ ಕಣ್ಣಲ್ಲಿ ನೀರು ಬಂತು, ಅಪ್ಪನಿಗೂ ಓದಿ ಹೇಳಿದೆ. ಇನ್ನೊಂದು ಕೇಳಬೇಕು, ಹೇಗೆ ಕೇಳುವುದೋ ಗೊತ್ತಿಲ್ಲ. ಮತ್ತೆ ವೆಂಟಿಲೇಟರ್ ಹಾಕಿಸಬೇಡ ಅನ್ನುತ್ತಾರಲ್ಲ, ಅದನ್ನು ಡಾಕ್ಟರ್ ಮುಂದೆ ಹೇಳಬಹುದಾ? ಹೇಳಿದರೆ ಇವರಿಗೆ ಚಿಕಿತ್ಸೆಯೇ ಬೇಡ ಅಂತ ಅವರು ಅಂದುಕೊಂಡರೆ?

ಉಸಿರಿನ ಹಾದಿ:

ಖಂಡಿತ ಹೇಳಿ, ಅಪ್ಪನ ಬಾಯಿಂದಲೇ ಹೇಳಿಸಿ. ಗಂಟಲಲ್ಲಿ ಟ್ಯೂಬ್ ಹಾಕುವ ವೆಂಟಿಲೇಟರ್ ಬೇಡ ಅನ್ನುವುದಕ್ಕೂ ಚಿಕಿತ್ಸೆಯೇ ಬೇಡ ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಸಿಒಪಿಡಿ ಕೆರಳಿ ಕಾರ್ಬನ್ ಡೈಆಕ್ಸೈಡ್ ಏರಿದಾಗ ಬಹಳ ಸಲ ಮುಖಕ್ಕೆ ಮಾಸ್ಕ್ ಹಾಕಿ ಬೈಪ್ಯಾಪ್ ಕೊಟ್ಟೇ ರೋಗಿಯನ್ನು ದಾಟಿಸುತ್ತೇವೆ, ಟ್ಯೂಬಿನ ಅಗತ್ಯವೇ ಬರುವುದಿಲ್ಲ. ಅಪ್ಪನಿಗೆ ಯಾವುದರ ಭಯ ಅಂತ ಮೊದಲು ಕೇಳಿ ನೋಡಿ. ಟ್ಯೂಬಾ, ಕೈ ಕಟ್ಟಿದ್ದಾ, ಮನೆಯವರು ಪಕ್ಕದಲ್ಲಿ ಇಲ್ಲದ್ದಾ? ಏನು ಒಪ್ಪುತ್ತಾರೆ, ಏನು ಬೇಡ, ಮಾತಾಡಲಾಗದ ಸ್ಥಿತಿ ಬಂದರೆ ಅವರ ಪರವಾಗಿ ಯಾರು ಹೇಳಬೇಕು, ಇಷ್ಟನ್ನೂ ಡಾಕ್ಟರ್ ಜೊತೆ ಕೂತು ಮಾತಾಡಿ ಬರೆದಿಡಿ. ಈ ಮಾತು ತೆಗೆದಾಗ ಗಡಿಯಾರ ನೋಡದೆ, ಅಪ್ಪನ ಮುಖ ನೋಡಿ ಕೇಳಿಸಿಕೊಳ್ಳುವ ಡಾಕ್ಟರ್ ಸಿಕ್ಕಿದರೆ ಬಿಡಬೇಡಿ.

ಇಬ್ಬನಿ:

ಹೋಗುವಾಗ ಇನ್ಹೇಲರ್ ಮರೆಯದೆ ಕೊಂಡೊಯ್ಯಿರಿ, ಅವರ ಎದುರಿಗೇ ಅಪ್ಪ ಎಳೆದು ತೋರಿಸಲಿ. ಎಳೆಯುವ ಕ್ರಮ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ, ಐಸಿಯು ಸುಸ್ತಿನ ಮೇಲೆ ಕೆಲವರಿಗೆ ಪುಡಿ ಇನ್ಹೇಲರ್ ಎಳೆಯುವಷ್ಟು ದಮ್ಮೂ ಇರುವುದಿಲ್ಲ. ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಅಥವಾ ಔಷಧವನ್ನು ಹನಿಮಂಜು ಮಾಡಿ ಕೊಡುವ ನೆಬ್ಯುಲೈಸರ್‌ಗೆ ಬದಲಾಯಿಸಬೇಕಾ ಅಂತ ಅಲ್ಲೇ ಕೇಳಿಬಿಡಿ. ಹಾಗೇ ಫ್ಲೂ ಮತ್ತು ನ್ಯುಮೋಕಾಕಲ್ ಲಸಿಕೆ ಆಗಿದೆಯಾ ಅಂತಲೂ ವಿಚಾರಿಸಿ.